ಎಚ್‌ಎಎಲ್ ವಿಮಾನ ನಿಲ್ದಾಣ: ಟಿಕೆಟ್ ಮಾರದ ನಿಲ್ದಾಣ

ಏನಿದು?

ನಿಗದಿತ ವೇಳಾಪಟ್ಟಿಯಿಲ್ಲದೆ, ಉದ್ಯಮಿಗಳೂ ಸಂಸ್ಥೆಗಳೂ ತಮ್ಮ ಕೆಲಸಕ್ಕೆಂದು ಸ್ವಂತ ಅಥವಾ ಬಾಡಿಗೆ ವಿಮಾನದಲ್ಲಿ ಮಾಡುವ ಪ್ರಯಾಣಕ್ಕೆ ಬಿಸಿನೆಸ್ ಏವಿಯೇಷನ್ ಎಂದು ಹೆಸರು. ಬೆಂಗಳೂರಿನಲ್ಲಿ ಇಂಥ ವಿಮಾನಗಳು ಬಳಸುವ ನಿಲ್ದಾಣಗಳಲ್ಲಿ ಎಚ್‌ಎಎಲ್ ಮುಖ್ಯವಾದುದು. 'ಹಳೆ ಏರ್‌ಪೋರ್ಟ್' ಎಂಬ ಮಾತು ಕೇಳಿ ಅದು ಮುಚ್ಚಿಹೋಗಿದೆ ಎಂದು ಭಾವಿಸಬೇಕಿಲ್ಲ.

ಹಿನ್ನೆಲೆ

1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಕಂಪನಿಯ ಬೆಂಗಳೂರಿನ ಕಾರ್ಖಾನೆಯಲ್ಲಿ ತನ್ನ ವಿಮಾನಗಳನ್ನು ದುರಸ್ತಿ ಮಾಡಿಸಿತು. 1964ರಲ್ಲಿ ಕಂಪನಿ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ಆಯಿತು.

ಕಾರ್ಖಾನೆಗೆಂದು ಇದ್ದ ಓಡುದಾರಿಯೇ ದಶಕಗಳ ಕಾಲ ನಗರದ ನಾಗರಿಕ ನಿಲ್ದಾಣವೂ ಆಗಿತ್ತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದಾಗ ನಿಗದಿತ ಪ್ರಯಾಣಿಕ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಹೊಸ ನಿಲ್ದಾಣದಿಂದ 150 ಕಿಲೋಮೀಟರ್ ವ್ಯಾಪ್ತಿಯಲ್ಲಿ ಬೇರೆ ನಿಲ್ದಾಣಗಳ ಸ್ಪರ್ಧೆಯನ್ನು ನಿರ್ಬಂಧಿಸುವ ಒಪ್ಪಂದವೂ ಇದಕ್ಕೆ ಕಾರಣ.

ಸೌಲಭ್ಯ

ಇಲ್ಲಿನ ನಿಜವಾದ ಸಂಪತ್ತು ಓಡುದಾರಿ. ಅದರ ಉದ್ದ ಸುಮಾರು 3,300 ಮೀಟರ್. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 888 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ; ರೆಕ್ಕೆಗಳಿಗೆ ಸಿಗುವ ಆಧಾರವೂ ಎಂಜಿನ್ನಿನ ಬಲವೂ ತಗ್ಗುತ್ತವೆ. ಬೇಸಿಗೆಯ ಮಧ್ಯಾಹ್ನ ಇಂಧನ ತುಂಬಿದ ಜೆಟ್ ಮೇಲೇರಲು ಇನ್ನಷ್ಟು ದೂರ ಓಡಬೇಕು. ಚಿಕ್ಕ ಜೆಟ್‌ಗೆ ಇಷ್ಟು ಉದ್ದ ಬೇಡವಾದರೂ ದೊಡ್ಡ ವಿಮಾನಕ್ಕೆ ಇದೇ ಭರವಸೆ. ನಿಯಂತ್ರಣ ಗೋಪುರ, ಹ್ಯಾಂಗರ್, ಇಂಧನ ಪೂರೈಕೆ, ದುರಸ್ತಿ ವ್ಯವಸ್ಥೆಗಳು ಆವರಣದಲ್ಲೇ ಇವೆ.

ಬಳಕೆ

ಗಣ್ಯರ ಪ್ರಯಾಣ, ಖಾಸಗಿ ಜೆಟ್, ಸೇನಾ ಹಾರಾಟ, ಹೊಸ ವಿಮಾನಗಳ ಪರೀಕ್ಷೆ, ಎಲ್ಲಕ್ಕೂ ಓಡುದಾರಿ ಒಂದೇ. ಮರುತ್ ಯುದ್ಧವಿಮಾನ 1961ರಲ್ಲಿ, ತೇಜಸ್ 2001ರ ಜನವರಿ 4ರಂದು ಇಲ್ಲಿಂದಲೇ ಮೊದಲು ಹಾರಿದವು. 2023ರ ಆಗಸ್ಟ್ 26ರಂದು ಚಂದ್ರಯಾನ-3ರ ವಿಜ್ಞಾನಿಗಳನ್ನು ಅಭಿನಂದಿಸಲು ಬಂದ ಪ್ರಧಾನಿಯವರ ವಿಮಾನವೂ ಇಳಿದದ್ದು ಇಲ್ಲೇ.

ಹೋಲಿಕೆಗೆ ಹೇಳುವುದಾದರೆ, ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಹತ್ತಿರದ ನಿಲ್ದಾಣ ಮೈಸೂರಿನ ಮಂಡಕಳ್ಳಿ. 2010ರಲ್ಲಿ ನವೀಕೃತವಾಗಿ ತೆರೆದ ಅದರ ಓಡುದಾರಿ 1,740 ಮೀಟರ್ ಮಾತ್ರ. ಹಾಗಾಗಿ ಎಟಿಆರ್‌ನಂಥ ಸಣ್ಣ ವಿಮಾನಗಳಿಗೇ ಅದು ಹೊಂದುತ್ತದೆ.