ಒಂಬತ್ತನೆಯ ಅಂಗಿಯವನು ನಿಂತ ಜಾಗ

1979ರ ಮಳೆಗಾಲ ಆಗಷ್ಟೇ ಮುಗಿದಿತ್ತು. ನಾನು ಮಲೆನಾಡಿನ ಅಂಚಿನ ಒಂದು ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸುತ್ತಿದ್ದೆ. ದೈಹಿಕ ಶಿಕ್ಷಣದ ಮಾಸ್ತರರು ದೀರ್ಘ ರಜೆಯ ಮೇಲಿದ್ದುದರಿಂದ, ತಾಲ್ಲೂಕು ಮಟ್ಟದ ಫುಟ್‌ಬಾಲ್ ಪಂದ್ಯಕ್ಕೆ ಹುಡುಗರನ್ನು ಸಿದ್ಧಗೊಳಿಸುವ ಹೊಣೆ ನನ್ನ ಹೆಗಲೇರಿತು. ಆ ಆಟದ ಬಗ್ಗೆ ನನಗಿದ್ದ ತಿಳಿವಳಿಕೆಯೆಲ್ಲ ಶಾಲೆಯ ಕಪಾಟಿನಲ್ಲಿದ್ದ ಹಳೆಯ ಕೈಪಿಡಿಯೊಂದರಿಂದ ಬಂದದ್ದು. ಅದರಲ್ಲಿ ಹನ್ನೊಂದು ಚುಕ್ಕಿಗಳ ಒಂದು ನಕ್ಷೆಯಿತ್ತು. ಅದನ್ನೇ ಕರಿಹಲಗೆಯ ಮೇಲೆ ಬರೆದು, ಯಾರು ಎಲ್ಲಿ ನಿಲ್ಲಬೇಕೆಂದು ಪಾಠ ಒಪ್ಪಿಸಿಕೊಂಡಂತೆ ಒಪ್ಪಿಸಿಕೊಂಡಿದ್ದೆ.

ಪಂದ್ಯದ ದಿನ ನಮ್ಮ ಸೆಂಟರ್ ಫಾರ್ವರ್ಡ್ ಹುಡುಗ ಎದುರಾಳಿಯ ಗೋಲಿನ ಮುಂದೆ ನಿಲ್ಲದೆ ಮತ್ತೆ ಮತ್ತೆ ಅಂಗಳದ ನಡುವಿಗೆ ಹಿಂದಿರುಗುತ್ತಿದ್ದ. ನಾನು ಗೆರೆಯಾಚೆಯಿಂದ ಕೂಗಿದೆ, ಗದರಿದೆ. ವಿರಾಮದಲ್ಲಿ ಕರೆದು ಕಾರಣ ಕೇಳಿದರೆ, "ಅಲ್ಲಿ ಯಾರೂ ಇರಲಿಲ್ಲ ಸಾರ್, ಅದಕ್ಕೇ ಹೋದೆ" ಎಂದ. ಉದ್ಧಟತನವೆಂದು ಭಾವಿಸಿ ಅವನನ್ನು ಹೊರಗೆ ಕೂರಿಸಿದೆ. ಪಂದ್ಯವನ್ನು ಸೋತೆವು. ಸೋತದ್ದು ದೊಡ್ಡ ಸಂಗತಿಯಲ್ಲ. ಆ ಹುಡುಗ ಮತ್ತೆ ಶಾಲೆಯ ತಂಡದ ಕಡೆಗೆ ತಲೆ ಹಾಕಲಿಲ್ಲ.

ನಿವೃತ್ತಿಯ ನಂತರ ಓದಲು ಬಿಡುವು ದೊರೆತಾಗ ಫುಟ್‌ಬಾಲಿನ ಚರಿತ್ರೆ ನನ್ನ ಕೈಗೆ ಬಂದಿತು. ಆ ಹುಡುಗನ ಉತ್ತರ ಎಂತಹುದೆಂಬುದು ಆಗ ಅರ್ಥವಾಯಿತು.

ಕಥೆಯನ್ನು 1925ರಿಂದ ಆರಂಭಿಸಬೇಕು. ಅಲ್ಲಿಯವರೆಗೆ, ಚೆಂಡು ತನ್ನತ್ತ ಬರುವ ಗಳಿಗೆಯಲ್ಲಿ ಮುಂದಿರುವ ಆಟಗಾರನಿಗೂ ಗೋಲುಗೆರೆಗೂ ನಡುವೆ ಎದುರಾಳಿಗಳು ಮೂವರಾದರೂ ಇರಬೇಕೆಂಬುದು ಆಫ್‌ಸೈಡ್ ನಿಯಮವಾಗಿತ್ತು. ಆ ವರ್ಷ ಮೂವರನ್ನು ಇಬ್ಬರಿಗೆ ಇಳಿಸಿದರು. ಮುಂಪಂಕ್ತಿಯವರಿಗೆ ಬಾಗಿಲು ತೆರೆದಂತಾಗಿ ಗೋಲುಗಳ ಮಳೆ ಸುರಿಯಿತು. ಅಕ್ಟೋಬರಿನಲ್ಲಿ ಲಂಡನ್ನಿನ ಆರ್ಸೆನಲ್ ತಂಡ ನ್ಯೂಕ್ಯಾಸಲ್ ಎದುರು 7-0ಯಿಂದ ಸೋತಾಗ ಅದರ ಆಟಗಾರ ಚಾರ್ಲಿ ಬುಕನ್, ನಡುಪಂಕ್ತಿಯಲ್ಲಿ ಓಡಾಡುವ ಸೆಂಟರ್ ಹಾಫ್ ಆಟಗಾರನನ್ನು ಹಿಂದಕ್ಕೆ ತಂದು ಇಬ್ಬರು ರಕ್ಷಕರ ನಡುವೆ ಮೂರನೆಯವನಾಗಿ ನಿಲ್ಲಿಸಬೇಕೆಂದು ವಾದಿಸಿದ. ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ ಒಪ್ಪಿದರು. ಮುಂದಿನ ವರ್ಷಗಳಲ್ಲಿ ಆ ವ್ಯೂಹವನ್ನು ತಿದ್ದಿ ತೀಡಿ ಆರ್ಸೆನಲ್ಲನ್ನು ಇಂಗ್ಲೆಂಡಿನ ಮೇಲ್ತಂಡವನ್ನಾಗಿ ಮಾಡಿದರು. ನಕ್ಷೆಯಲ್ಲಿ ಇಂಗ್ಲಿಷಿನ ಡಬ್ಲ್ಯೂ ಮತ್ತು ಎಂ ಅಕ್ಷರಗಳಂತೆ ಕಾಣುವುದರಿಂದ ಅದಕ್ಕೆ ಡಬ್ಲ್ಯೂ-ಎಂ ಎಂಬ ಹೆಸರು ನಿಂತಿತು. ನನ್ನ ಕೈಪಿಡಿಯಲ್ಲಿದ್ದ ನಕ್ಷೆ ಇದೇ!

ಅಂದರೆ ನಾನು ವೇದವಾಕ್ಯವೆಂದು ಕಲಿಸಿದ್ದು ಸೋತವರು ತಲೆ ಕೆಡಿಸಿಕೊಂಡು ಕಂಡುಕೊಂಡ ಒಂದು ಹೊಸ ಉಪಾಯ. ಇಂಗ್ಲಿಷರೂ ಅದನ್ನು ಮರೆತರೆಂಬುದೇ ವಿಚಿತ್ರ. 1939ರಲ್ಲಿ ಅಲ್ಲಿನ ಲೀಗ್ ಅಂಗಿಗಳ ಮೇಲೆ ಸಂಖ್ಯೆಗಳನ್ನು ಕಡ್ಡಾಯಗೊಳಿಸಿತು. ಸಂಖ್ಯೆಯೆಂದರೆ ಜಾಗ: ಐದು ಎಂದರೆ ಸೆಂಟರ್ ಹಾಫ್, ಒಂಬತ್ತು ಎಂದರೆ ಸೆಂಟರ್ ಫಾರ್ವರ್ಡ್. ಐದನೆಯವನ ಧರ್ಮ ಒಂಬತ್ತನೆಯವನನ್ನು ಕಾಯುವುದು. ಅವನು ಬರದಿದ್ದರೆ ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ.

ಕೇಳಿದವರು ಡ್ಯಾನ್ಯೂಬ್ ನದಿಯ ದಡದವರು. 1930ರ ದಶಕದ ಆರಂಭದಲ್ಲಿ ಹ್ಯೂಗೋ ಮೈಸ್ಲ್ ಕಟ್ಟಿದ ಆಸ್ಟ್ರಿಯಾದ ತಂಡದಲ್ಲಿ ಮಥಿಯಾಸ್ ಸಿಂಡೆಲಾರ್ ಎಂಬ ತೆಳ್ಳನೆಯ ಸೆಂಟರ್ ಫಾರ್ವರ್ಡ್ ಇದ್ದ. ಗುದ್ದಾಡುವ ಮೈಯಲ್ಲದ ಆತ ಹಿಂದೆ ಸರಿದು ಚೆಂಡು ಹಂಚುತ್ತಿದ್ದ. ವಿಯೆನ್ನಾಕ್ಕೂ ಬುಡಾಪೆಸ್ಟಿಗೂ ನೆಲದ ಮೇಲೆ ಚೆಂಡು ಸಾಗಿಸುವ ಆಟವನ್ನು ಕಲಿಸಿದವರಲ್ಲಿ ಪ್ರಮುಖರು ಜಿಮ್ಮಿ ಹೋಗನ್, ಅವರು ಇಂಗ್ಲಿಷರೇ! ಸ್ವದೇಶದಲ್ಲಿ ಅವರ ಮಾತಿಗೆ ಹೆಚ್ಚು ಬೆಲೆ ಸಿಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದು ಕನ್ನಡಿಗರ ಗಾದೆಯಷ್ಟೇ ಅಲ್ಲವೆಂದು ತೋರುತ್ತದೆ.

ಎರಡನೆಯ ಮಹಾಯುದ್ಧದ ನಂತರ ಬುಡಾಪೆಸ್ಟಿನ ಎಂ.ಟಿ.ಕೆ. ತಂಡದ ತರಬೇತುದಾರ ಮಾರ್ಟನ್ ಬುಕೋವಿ ತನ್ನ ಸೆಂಟರ್ ಫಾರ್ವರ್ಡ್ ಪೀಟರ್ ಪಲೋಟಾಶ್‌ನನ್ನು ಹಿಂದೆ ನಿಲ್ಲಿಸುವ ಪ್ರಯೋಗ ನಡೆಸಿದ. ರಾಷ್ಟ್ರೀಯ ತಂಡದ ಹೊಣೆ ಹೊತ್ತ ಗುಸ್ತಾವ್ ಶೆಬೆಶ್ ಅದನ್ನು ಕೈಗೆತ್ತಿಕೊಂಡರು. 1952ರ ನಂತರ ಆ ಜಾಗ ನಾಂಡೋರ್ ಹಿಡೆಕುಟಿಯದಾಯಿತು. ಆಗಲೇ ಮೂವತ್ತು ದಾಟಿದ್ದ ಆಟಗಾರ.

1953ರ ನವೆಂಬರ್ 25. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ, ಲಕ್ಷಕ್ಕೂ ಮೀರಿದ ಪ್ರೇಕ್ಷಕರು. ಬ್ರಿಟಿಷ್ ದ್ವೀಪಗಳ ಹೊರಗಿನ ಯಾವ ದೇಶಕ್ಕೂ ಇಂಗ್ಲೆಂಡ್ ತನ್ನ ನೆಲದಲ್ಲಿ ಅಲ್ಲಿಯವರೆಗೆ ಮಣಿದಿರಲಿಲ್ಲ. ಶೆಬೆಶ್ ಮಾತ್ರ ಏನನ್ನೂ ಅದೃಷ್ಟಕ್ಕೆ ಬಿಟ್ಟಿರಲಿಲ್ಲ. ಇಂಗ್ಲೆಂಡಿನ ಚೆಂಡುಗಳನ್ನೇ ತರಿಸಿ, ವೆಂಬ್ಲಿಯಷ್ಟೇ ಅಳತೆಯ ಅಂಗಳದಲ್ಲಿ ಹುಡುಗರನ್ನು ಪಳಗಿಸಿದ್ದರು. ಮೊದಲ ನಿಮಿಷ ಮುಗಿಯುವ ಮುನ್ನವೇ ಹಿಡೆಕುಟಿ ಗೋಲು ಹೊಡೆದ.

ಅಲ್ಲಿಂದ ಮುಂದೆ ಇಂಗ್ಲೆಂಡಿನ ಐದನೆಯ ಅಂಗಿಯ ಹ್ಯಾರಿ ಜಾನ್‌ಸ್ಟನ್ ಅನುಭವಿಸಿದ ಸಂಕಟವನ್ನು ಊಹಿಸಿಕೊಳ್ಳಿ. ಒಂಬತ್ತನೆಯವನು ತನ್ನ ಬಳಿ ಇಲ್ಲ; ಇಪ್ಪತ್ತು ಮೀಟರು ದೂರದಲ್ಲಿ ನಿರಾತಂಕವಾಗಿ ಚೆಂಡು ಹಂಚುತ್ತಿದ್ದಾನೆ. ಬೆನ್ನಟ್ಟಿ ಹೋದರೆ ಹಿಂದೆ ಬಿಟ್ಟ ತೆರಪಿನಲ್ಲಿ ಪುಷ್ಕಾಶ್, ಕೋಚಿಶ್ ನುಗ್ಗುತ್ತಾರೆ. ಹೋಗದಿದ್ದರೆ ಹಿಡೆಕುಟಿಗೆ ಇಡೀ ಅಂಗಳ ದಾನ ಕೊಟ್ಟಂತೆ. ಆತ ದಡ್ಡನೇನೂ ಅಲ್ಲ. ಅದೇ ವರ್ಷ ಬ್ಲ್ಯಾಕ್‌ಪೂಲ್ ತಂಡದ ನಾಯಕನಾಗಿ ಎಫ್.ಎ. ಕಪ್ ಎತ್ತಿದವನು. ಕಲಿತ ಪಾಠದಲ್ಲಿ ಇಲ್ಲದ ಪ್ರಶ್ನೆ ಪರೀಕ್ಷೆಗೆ ಬಂದಿತ್ತು, ಅಷ್ಟೇ. ಹಂಗರಿ 6-3ರಿಂದ ಗೆದ್ದಿತು. ಹಿಡೆಕುಟಿ ಮೂರು, ಪುಷ್ಕಾಶ್ ಎರಡು, ಬೋಜಿಕ್ ಒಂದು.

ಆ ಪಂದ್ಯದ ಚಿತ್ರಸುರುಳಿಯಲ್ಲಿ ಎಲ್ಲರೂ ನೋಡುವುದು ಪುಷ್ಕಾಶ್‌ನ ಒಂದು ಚಮತ್ಕಾರವನ್ನು. ಇಂಗ್ಲೆಂಡಿನ ನಾಯಕ ಬಿಲ್ಲಿ ರೈಟ್ ಮೈಮೇಲೆ ಜಾರಿ ಬರುವಾಗ ಚೆಂಡನ್ನು ಅಂಗಾಲಿನಿಂದ ಹಿಂದಕ್ಕೆಳೆದು, ಅವನನ್ನು ಬರಿದೇ ಜಾರಿಹೋಗಲು ಬಿಟ್ಟು, ಗೋಲಿಗೆ ಬಾರಿಸುತ್ತಾನೆ. ಸೊಗಸು ನಿಜ, ನಾನೂ ಹತ್ತಾರು ಬಾರಿ ನೋಡಿ ಸಂತೋಷಪಟ್ಟಿದ್ದೇನೆ. ಆದರೂ ಹಿಡೆಕುಟಿ ಹಿಂದಕ್ಕಿಟ್ಟ ಹೆಜ್ಜೆಗಳೇ ಹೆಚ್ಚಿನ ಪ್ರತಿಭೆಯೆಂದು ನನ್ನ ಅಭಿಪ್ರಾಯ. ಕಾಲಿನ ಚಮತ್ಕಾರ ಒಬ್ಬನನ್ನು ದಾಟುತ್ತದೆ. ಆ ಹೆಜ್ಜೆಗಳು ಒಂದು ದೇಶದ ಪಾಠಕ್ರಮವನ್ನೇ ದಾಟಿದವು.

ಆರು ತಿಂಗಳ ಬಳಿಕ ಬುಡಾಪೆಸ್ಟಿನಲ್ಲಿ ಇಂಗ್ಲೆಂಡ್ 7-1ರಿಂದ ಸೋತಿತು. ಹಂಗರಿಯೇನೋ 1954ರ ವಿಶ್ವಕಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಗೆ 3-2ರಿಂದ ಶರಣಾಯಿತು; 1956ರ ಕ್ರಾಂತಿಯ ನಂತರ ಪುಷ್ಕಾಶ್, ಕೋಚಿಶ್, ಸಿಬೋರ್ ತಾಯ್ನಾಡಿಗೆ ಮರಳಲಿಲ್ಲ. ಆದರೆ ಪಾಠ ವ್ಯರ್ಥವಾಗಲಿಲ್ಲ. ವೆಂಬ್ಲಿಯಲ್ಲಿ ಅಂದು ಇಂಗ್ಲೆಂಡಿನ ಮೂರನೆಯ ಗೋಲನ್ನು ಪೆನಾಲ್ಟಿಯಿಂದ ಹೊಡೆದ ರಕ್ಷಕ ಆಲ್ಫ್ ರಾಮ್ಸೆ. ಅದೇ ರಾಮ್ಸೆ 1966ರಲ್ಲಿ ಇಂಗ್ಲೆಂಡಿನ ವ್ಯವಸ್ಥಾಪಕರಾಗಿ, ಇಕ್ಕೆಲಗಳ ವಿಂಗರ್‌ಗಳನ್ನೇ ಕೈಬಿಟ್ಟ ತಂಡದಿಂದ ಅದೇ ಅಂಗಳದಲ್ಲಿ ವಿಶ್ವಕಪ್ ಗೆದ್ದರು.

ಇದೆಲ್ಲ ಯೂರೋಪಿನ ಮಾತಾಯಿತು, ನಮ್ಮಲ್ಲಿ ಇಂತಹವರು ಇರಲಿಲ್ಲವೇ ಎಂದು ತಾವು ಕೇಳಬಹುದು. ಇದ್ದರು, ಮತ್ತು ಅವರು ನನ್ನ ವೃತ್ತಿಯವರೇ ಎಂಬುದು ನನ್ನನ್ನು ಹೆಚ್ಚು ಚುಚ್ಚುತ್ತದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಶಾಲಾ ಮಾಸ್ತರರಾಗಿದ್ದವರು. 1950ರಿಂದ ಭಾರತ ತಂಡದ ತರಬೇತುದಾರರು. ಚೆಂಡನ್ನು ಕಾಲಲ್ಲಿಟ್ಟುಕೊಂಡು ಓಡುವುದನ್ನೇ ನಿಷೇಧಿಸಿದ ಪಂದ್ಯಗಳನ್ನೂ ದುರ್ಬಲ ಕಾಲಿನಿಂದಲೇ ಆಡಬೇಕಾದ ಪಂದ್ಯಗಳನ್ನೂ ಏರ್ಪಡಿಸಿ ಹುಡುಗರನ್ನು ಯೋಚಿಸಲು ಹಚ್ಚುತ್ತಿದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅವರ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ನಮ್ಮ ಮೈಸೂರು ಸೀಮೆಯ ಕೆಂಪಯ್ಯ ಆ ತಂಡದಲ್ಲಿದ್ದರು. 2024ರಲ್ಲಿ ಬಂದ 'ಮೈದಾನ್' ಚಲನಚಿತ್ರದಿಂದ ಇಂದಿನ ಮಕ್ಕಳಿಗೂ ರಹೀಮರ ಹೆಸರು ತಿಳಿದಿದೆ.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ರಕ್ಷಕ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಅಂತಹವರನ್ನು ವಿಶ್ರಾಂತಿಗೆ ಕಳಿಸುವುದೇ ಲೋಕರೂಢಿ. ರಹೀಮರು ಸೆಮಿಫೈನಲ್‌ನಲ್ಲಿ ಅವರನ್ನು ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿ ನಿಲ್ಲಿಸಿದರು. ಅಂದೂ ಜರ್ನೈಲ್ ಗೋಲು ಹೊಡೆದರು, ಫೈನಲ್‌ನಲ್ಲಿಯೂ ಹೊಡೆದರು. ಪಿ.ಕೆ. ಬ್ಯಾನರ್ಜಿಯವರ ಗೋಲೂ ಸೇರಿ, ಗುಂಪು ಹಂತದಲ್ಲಿ ತಮ್ಮನ್ನು 2-0ಯಿಂದ ಸೋಲಿಸಿದ್ದ ದಕ್ಷಿಣ ಕೊರಿಯಾವನ್ನೇ 2-1ರಿಂದ ಮಣಿಸಿ ಚಿನ್ನ ಗೆದ್ದರು. ರಹೀಮರು ಆಗಲೇ ಕ್ಯಾನ್ಸರಿನಿಂದ ನರಳುತ್ತಿದ್ದರು. 1963ರ ಜೂನ್‌ನಲ್ಲಿ ತೀರಿಕೊಂಡರು. ಆ ಚಿನ್ನ ಫುಟ್‌ಬಾಲಿನಲ್ಲಿ ಭಾರತಕ್ಕೆ ಮತ್ತೆ ದಕ್ಕಿಲ್ಲ.

ಒಬ್ಬ ಮಾಸ್ತರರು ಪೆಟ್ಟು ತಿಂದ ರಕ್ಷಕನನ್ನು ಮುಂದೆ ತಂದು ನಿಲ್ಲಿಸಿದರು. ಇನ್ನೊಬ್ಬ ಮಾಸ್ತರ, ತಾನಾಗಿಯೇ ತೆರಪು ಕಂಡುಕೊಂಡ ಹುಡುಗನನ್ನು ಹೊರಗೆ ಕೂರಿಸಿದ.

ಎರಡು ವರ್ಷಗಳ ಹಿಂದೆ ಆ ಹುಡುಗ ಮಗಳ ಮದುವೆಯ ಕರೆಯೋಲೆ ಹಿಡಿದು ನಮ್ಮ ಮನೆಗೆ ಬಂದಿದ್ದ. ಹುಡುಗನೆಂದೆ, ಈಗ ಅವನಿಗೆ ಅರವತ್ತರ ಹತ್ತಿರ. ಕಾಫಿ ಕುಡಿಯುತ್ತ ಕುಳಿತಾಗ ಹಿಡೆಕುಟಿಯ ಕಥೆಯನ್ನು ಪೂರ್ತಿಯಾಗಿ ಹೇಳಿ, ಅಂದು ನಾನು ಮಾಡಿದ್ದು ತಪ್ಪಾಯಿತು ಎಂದೆ. ಅವನು ಸ್ವಲ್ಪ ಹೊತ್ತು ಲೋಟ ನೋಡುತ್ತಿದ್ದು, "ಆ ಹಂಗರಿಯವನನ್ನು ಆಮೇಲೆ ಹೇಗೆ ತಡೆದರು ಸಾರ್?" ಎಂದು ಕೇಳಿದ. ಒಳಗಿನಿಂದ ಕಾಗದ, ಪೆನ್ಸಿಲು ತಂದು ಹನ್ನೊಂದು ಚುಕ್ಕಿಗಳನ್ನು ಹಾಕಿದೆ.