ಗುಡಿಯ ಹೆಸರು ಹೊತ್ತ ಹಾಡು

ಕಟ್ಟಡ ನೋಡಿ ಸಂಗೀತ ಕಟ್ಟಬಹುದೇ? ರಷ್ಯಾದ ಮುಸೋರ್ಗ್‌ಸ್ಕಿ 1874ರಲ್ಲಿ ಕೀವ್ ನಗರದ ಹೆಬ್ಬಾಗಿಲಿನ ಮೇಲೆ ಪಿಯಾನೊ ಸಂಗೀತ ಬರೆದ. ತಮಾಷೆ ಏನೆಂದರೆ, ಆ ಬಾಗಿಲು ಅವನ ಗೆಳೆಯ ಬರೆದ ಚಿತ್ರದಲ್ಲಷ್ಟೇ ಇತ್ತು, ಯಾರೂ ಕಟ್ಟಲೇ ಇಲ್ಲ. ಈಗಲೂ ಯುರೋಪಿನಲ್ಲಿ ಹಳೆಯ ಊರುಗಳ ಗೋಪುರ, ಸೇತುವೆಗಳ ಮೇಲೆ ಸಂಗೀತ ಬರೆಯುತ್ತಾರೆ. ಸಣ್ಣ ಕೋಣೆಯಲ್ಲಿ ನಾಲ್ಕೈದು ಜನ ಕೂತು ನುಡಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇಂಥದ್ದು ಎಂಟುನೂರು ವರ್ಷದ ಹಿಂದೆಯೇ ಶುರುವಾಗಿದೆ. ಕಟ್ಟಡಗಳೂ ಗಟ್ಟಿಯಾಗಿ ನಿಂತಿವೆ.

ಮೊದಲು ಲಕ್ಷ್ಮೇಶ್ವರ. ಆಗ ಅದು ಪುಲಿಗೆರೆ. ಶಿವಭಕ್ತ ಆದಯ್ಯ ಸೌರಾಷ್ಟ್ರದ ಸೋಮನಾಥನನ್ನು ಇಲ್ಲಿಗೆ ಕರೆತಂದ ಎನ್ನುವುದು ಕಥೆ. ಸೋಮೇಶ್ವರ ಗುಡಿಯೊಳಗೆ ಶಿವ-ಪಾರ್ವತಿ ನಂದಿಯ ಮೇಲೆ ಕೂತಿರುವ ಮೂರ್ತಿಯನ್ನು ಇವತ್ತೂ ನೋಡಬಹುದು. ಇದೇ ಕಥೆಯನ್ನು ಹರಿಹರ ರಗಳೆಯಲ್ಲಿ ಬರೆದ, ಅವನ ಸೋದರಳಿಯ ರಾಘವಾಂಕ ‘ಸೋಮನಾಥ ಚಾರಿತ್ರ’ವಾಗಿ ಷಟ್ಪದಿಯಲ್ಲಿ ಬರೆದ. ಷಟ್ಪದಿ ಎಂದರೆ ಆರು ಸಾಲಿನ ಪದ್ಯ, ಹಾಡಲಿಕ್ಕೆ ಹೇಳಿ ಮಾಡಿಸಿದ್ದು.

ಆಮೇಲೆ ಗದುಗಿನ ವೀರನಾರಾಯಣ. ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಕೋನೇರಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಗುಡಿಯ ಕಂಬಕ್ಕೆ ಒರಗಿ, ಬಟ್ಟೆ ಆರುವ ತನಕ ಬರೆಯುತ್ತಿದ್ದ ಅಂತಾರೆ. ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಒದ್ದೆ ಬಟ್ಟೆಯ ಮಾತು ನಿಜವೋ ಅಲ್ಲವೋ, ಕಾವ್ಯದ ಅಂಕಿತ ಮಾತ್ರ ಆ ಗುಡಿಯ ದೇವರದ್ದೇ. ಹತ್ತು ಪರ್ವಗಳ ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ಜನ ‘ಗದುಗಿನ ಭಾರತ’ ಎಂದೇ ಕರೆದರು. ಒಂದು ಊರು, ಒಂದು ಗುಡಿ ಇಷ್ಟು ದೊಡ್ಡ ಕಾವ್ಯಕ್ಕೆ ಹೆಸರಾಗಿದ್ದು ಅಪರೂಪ.

ಇದನ್ನು ಓದುವುದಕ್ಕಿಂತ ಕೇಳಿದವರೇ ಹೆಚ್ಚು. ಗಮಕಿ ಒಬ್ಬರು ಪದ್ಯವನ್ನು ರಾಗದಲ್ಲಿ ವಾಚಿಸುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಾರೆ. ತಬಲಾ ಬೇಡ, ತಾಳ ಬೇಡ. ಪದ್ಯದ ಒಳಗೇ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯ ನಡೆ ಇದೆ. ಸಿಟ್ಟಿನ ಜಾಗಕ್ಕೊಂದು ರಾಗ, ಅಳುವಿನ ಜಾಗಕ್ಕೊಂದು. ರಾಗ ಎಷ್ಟೇ ಚೆಂದವಿರಲಿ, ಮಾತು ಮುಚ್ಚಿಹೋಗಬಾರದು. ಅಕ್ಷರ ಬಾರದ ನಮ್ಮ ಅಜ್ಜ-ಅಜ್ಜಿಯರಿಗೆ ಭಾರತ ಗೊತ್ತಿದ್ದದ್ದು ಹೀಗೆ ಕೇಳಿಯೇ.

ಕೇಳಿ ಕಲಿಯುವುದಕ್ಕೆ ಗದಗಿನಲ್ಲಿ ಇನ್ನೊಂದು ದೊಡ್ಡ ಜಾಗವಿದೆ: ವೀರೇಶ್ವರ ಪುಣ್ಯಾಶ್ರಮ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಹಾಡು ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೂ ಆ ಕೆಲಸ ನಡೆಸಿದರು. ಅಲ್ಲಿ ಕಲಿತವರಿಗೆ ಊರೆಂದರೆ ಮೊದಲು ದನಿ, ಆಮೇಲೆ ಕಲ್ಲು.

ಇನ್ಫೋಸಿಸ್ ಪ್ರತಿಷ್ಠಾನ ಸೋಮೇಶ್ವರ ಗುಡಿಯ ಜೀರ್ಣೋದ್ಧಾರ ಮಾಡಿಸಿದ ಮೇಲೆ ಅಲ್ಲಿ ಪುಲಿಗೆರೆ ಉತ್ಸವ ನಡೆಯುತ್ತಿದೆ. ಒಳ್ಳೆಯದೇ. ಆದರೆ ಸೋಮನಾಥ ಚಾರಿತ್ರದ ಷಟ್ಪದಿಗಳನ್ನು ಅದೇ ಗುಡಿಯ ಮಂಟಪದಲ್ಲಿ, ಮೈಕ್ ಇಲ್ಲದೆ, ಐವತ್ತು ಜನರ ನಡುವೆ ಕೇಳಬೇಕು ಅನ್ನುವ ಆಸೆ ನಮಗಿದೆ. ಕಲ್ಲಿನ ಮಂಟಪ ದನಿಯನ್ನು ಹಿಡಿದು ಮರಳಿ ಕೊಡುತ್ತದೆ, ಶಾಮಿಯಾನಾ ಕೊಡುವುದಿಲ್ಲ.

ಶಿರಹಟ್ಟಿ, ಮುಂಡರಗಿ ಕಡೆ ಶ್ರಾವಣದಲ್ಲಿ ಪುರಾಣ ಹಚ್ಚುತ್ತಾರಲ್ಲ, ಅದೂ ಇದೇ ಪದ್ಧತಿಯ ಕವಲು: ಒಬ್ಬರು ಹಾಡುವುದು, ಒಬ್ಬರು ಬಿಡಿಸಿ ಹೇಳುವುದು. ಕೇಳಲು ಕೂತವರಲ್ಲಿ ನಮ್ಮ ವಯಸ್ಸಿನವರು ಕಡಿಮೆ. ಈ ಶ್ರಾವಣದಲ್ಲಿ ಹಾಡುವವರ ಅನುಮತಿ ಕೇಳಿ ಅವರ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಊರು, ಗುಡಿ, ತಾರೀಖು ಮೂರನ್ನೂ ಮೊದಲಿಗೇ ಹೇಳಿಸಿ.