ವಾರಾನ್ನದಿಂದ ವಿದ್ಯಾಸಿರಿವರೆಗೆ

ಬಡವರ ಮಕ್ಕಳು ಕಾಲೇಜು ಓದೋ ಮಾತು ಬಂದರೆ ನಾವು ಮೊದಲು ಫೀಸಿನ ಲೆಕ್ಕ ಹಾಕ್ತೀವಿ, ಆಮೇಲೆ ರ‍್ಯಾಂಕಿನ ಲೆಕ್ಕ. ಆದರೆ ನಮ್ಮ ರಾಜ್ಯದ ಕಾಲೇಜುಗಳ ಇತಿಹಾಸವನ್ನು ಸ್ವಲ್ಪ ಕೆದಕಿದರೆ ಇವೆರಡಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಎದುರಾಗುತ್ತೆ. ಊರಿಂದ ಬಂದ ಹುಡುಗ ಎಲ್ಲಿ ಮಲಗ್ತಾನೆ, ಯಾರ ಮನೇಲಿ ಉಣ್ತಾನೆ? ಯಾರು ಓದಿ ಮೇಲೆ ಬಂದರು, ಯಾರು ಊರಲ್ಲೇ ಉಳಿದರು ಅನ್ನೋದನ್ನು ಎಷ್ಟೋ ಸಲ ತೀರ್ಮಾನ ಮಾಡಿದ್ದು ಈ ಪ್ರಶ್ನೆಯೇ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಹಳೇ ಮೈಸೂರಿನ ಹುಡುಗರಿಗೆ ಕಾಲೇಜು ಅಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇಲ್ಲವೇ ಮೈಸೂರಿನ ಮಹಾರಾಜ ಕಾಲೇಜು. ಧಾರವಾಡದ ಕಡೆಯವರಿಗೆ ಅಷ್ಟೂ ಇರಲಿಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಗುವ ತನಕ ಡಿಗ್ರಿ ಬೇಕೆಂದರೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಕೈಯಲ್ಲಿ ಕಾಸಿಲ್ಲದೆ ಪಟ್ಟಣಕ್ಕೆ ಬಂದವರನ್ನು ಕೈಹಿಡಿದದ್ದು ವಾರಾನ್ನ. ಏಳು ಮನೆ ಗೊತ್ತು ಮಾಡಿಕೊಳ್ಳೋದು, ವಾರದ ಒಂದೊಂದು ದಿನ ಒಂದೊಂದು ಮನೇಲಿ ಊಟ. ಸೋಮವಾರದ ಮನೆಯವರು ಊರಿಗೆ ಹೋದರೆ, ಅಥವಾ ಅಲ್ಲಿ ಸೂತಕ ಬಂದರೆ, ಆವತ್ತು ಉಪವಾಸ. ಬದಲಿಗೆ ಮನೆಯ ಮಕ್ಕಳಿಗೆ ಪಾಠ ಹೇಳಬೇಕು, ಕೆಲವು ಕಡೆ ನೀರು ಸೇದಬೇಕು, ಪೂಜೆಗೆ ಹೂವು ತರಬೇಕು. ಅವಮಾನವೂ ಅನ್ನದ ಜೊತೆಗೇ ಬರುತ್ತಿತ್ತು. ಆದರೂ ಒಂದಿಡೀ ತಲೆಮಾರಿನ ಗುಮಾಸ್ತರು, ಮೇಷ್ಟ್ರುಗಳು, ವಕೀಲರು ಈ ಏಳು ಮನೆಗಳನ್ನು ದಾಟಿಯೇ ಬಂದವರು.

ಆದರೆ ಆ ಏಳು ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ವಾರಾನ್ನ ಮುಖ್ಯವಾಗಿ ಬ್ರಾಹ್ಮಣ ಮನೆಗಳ ಪದ್ಧತಿ, ಪಂಕ್ತಿಯಲ್ಲಿ ಕೂರೋಕೆ ಜಾತಿ ಸರಿಹೋಗಬೇಕು. ಒಕ್ಕಲಿಗರ ಹುಡುಗನಿಗೆ, ಕುರುಬರ ಹುಡುಗನಿಗೆ ಪಟ್ಟಣದಲ್ಲಿ ಅಂಥ ಮನೆಗಳೇ ಕಮ್ಮಿ. ದಲಿತ ಹುಡುಗ ಬಾಗಿಲ ಹತ್ತಿರವೂ ಹೋಗುವಂತಿರಲಿಲ್ಲ. ಇನ್ನು ಹೆಣ್ಣುಮಕ್ಕಳು ಒಬ್ಬರೇ ಪಟ್ಟಣಕ್ಕೆ ಬಂದು ಮನೆಮನೆಗೆ ಊಟಕ್ಕೆ ಹೋಗೋದು ಯಾರ ಊಹೆಯಲ್ಲೂ ಇರಲಿಲ್ಲ. ಕಾಲೇಜಿನ ಗೇಟು ಕಾಗದದ ಮೇಲೆ ತೆರೆದಿದ್ದರೂ ಅಡುಗೆಮನೆಯ ಬಾಗಿಲು ಮುಚ್ಚಿತ್ತು.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹಾಸ್ಟೆಲುಗಳು ಏಳತೊಡಗಿದ್ದು ಇದೇ ಕಾರಣಕ್ಕೆ. ಬೆಂಗಳೂರು ರೈಲ್ವೆ ಸ್ಟೇಷನ್ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರ ನಿಮಗೆಲ್ಲ ಬಸ್ ಸ್ಟಾಪಿನ ಹೆಸರಾಗಿ ಗೊತ್ತಿರಬಹುದು. 1903ರಲ್ಲಿ ಶುರುವಾದ ಆ ಧರ್ಮಸಂಸ್ಥೆ ಪ್ರಯಾಣಿಕರ ಜೊತೆಗೆ ವಿದ್ಯಾರ್ಥಿಗಳಿಗೂ ನೆಲೆ ಕೊಟ್ಟಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಮಠಗಳು ಭಕ್ತರಿಂದ ದವಸ ಕೂಡಿಸಿ ಪ್ರಸಾದ ನಿಲಯ ನಡೆಸಿದವು. ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದ ಶಿವಕುಮಾರ ಸ್ವಾಮಿಗಳು 1941ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತರು. ಮುಂದೆ ಅಲ್ಲಿ ಜಾತಿ ಕೇಳದೆ ಎಂಟು-ಹತ್ತು ಸಾವಿರ ಮಕ್ಕಳಿಗೆ ಊಟ, ವಸತಿ ಸಿಗುವಂತಾಯಿತು.

ಸರ್ಕಾರದ ಮುಂದೆಯೂ ಇದೇ ಹೊತ್ತಿಗೆ ಪ್ರಶ್ನೆ ಬಂತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ನಾವು ಮಿಲ್ಲರ್ ಸಮಿತಿಯನ್ನು ನೆನೆಯೋದು ನೌಕರಿಯಲ್ಲಿನ ಮೀಸಲಾತಿಗೆ. ಆದರೆ ಹಿಂದುಳಿದವರ ಉನ್ನತ ಶಿಕ್ಷಣಕ್ಕೆ ಏನು ಅನುಕೂಲ ಮಾಡಬೇಕು ಅನ್ನೋದೂ ಅದಕ್ಕೆ ಒಪ್ಪಿಸಿದ್ದ ಕೆಲಸವೇ. ಈ ವಿಚಾರದಲ್ಲಿ ಮಹಾರಾಜರಿಗೂ ದಿವಾನ್ ವಿಶ್ವೇಶ್ವರಯ್ಯನವರಿಗೂ ಹೊಂದಿಕೆ ಆಗಲಿಲ್ಲ. ನೇಮಕಕ್ಕೆ ಅರ್ಹತೆಯೊಂದೇ ಅಳತೆಗೋಲು ಅನ್ನೋದು ದಿವಾನರ ನಿಲುವು. ಅದೇ ವರ್ಷ ಅವರು ಹುದ್ದೆ ಬಿಟ್ಟರು. ಸಮಿತಿಯ ಶಿಫಾರಸುಗಳು 1921ರಲ್ಲಿ ಆದೇಶವಾದವು.

ವಿಶ್ವೇಶ್ವರಯ್ಯನವರ ಓದಿನ ದಾರಿಯನ್ನೇ ಇಲ್ಲಿ ನೋಡಬೇಕು. ಚಿಕ್ಕ ವಯಸ್ಸಿಗೇ ತಂದೆಯನ್ನು ಕಳೆದುಕೊಂಡ ಹುಡುಗ, ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಖರ್ಚಿಗೆ ಶ್ರೀಮಂತರ ಮಕ್ಕಳಿಗೆ ಪಾಠ. 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಪುಣೆಯ ಎಂಜಿನಿಯರಿಂಗ್ ಓದಿಗೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್. ಅವರ ಪ್ರತಿಭೆ, ದುಡಿಮೆ ಪ್ರಶ್ನಾತೀತ. ಆದರೆ ಆ ಪ್ರತಿಭೆ ಬೆಳಗೋಕೆ ಮಾವನ ಮನೆ, ಪಾಠಕ್ಕೆ ಕರೆಯುವ ಮನೆ, ಸರ್ಕಾರದ ಹಣ ಮೂರೂ ಬೇಕಾದವು. ಅಷ್ಟೇ ಜಾಣನಾದ ಇನ್ನೊಬ್ಬ ಹುಡುಗನಿಗೆ ಈ ಮೂರೂ ಇಲ್ಲದಿದ್ದರೆ ಅವನ ಅರ್ಹತೆಯನ್ನು ಅಳೆಯೋರು ಯಾರು?

ಎಚ್. ನರಸಿಂಹಯ್ಯನವರು ಈ ಋಣವನ್ನು ಮರೆಯದವರು. ಗೌರಿಬಿದನೂರು ಕಡೆಯ ಹೊಸೂರಿನಿಂದ 1935ರಲ್ಲಿ ನಡೆದುಕೊಂಡೇ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಸೇರಿದರು. ಅಮೆರಿಕದ ಓಹಾಯೋದಲ್ಲಿ ಪಿಎಚ್.ಡಿ. ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಕೊನೇತನಕ ಇದ್ದದ್ದು ನ್ಯಾಷನಲ್ ಕಾಲೇಜು ಹಾಸ್ಟೆಲಿನ ಒಂದು ರೂಮಿನಲ್ಲಿ.

ಕಾಸಿದ್ದ ಸಮುದಾಯಗಳು ಹಾಸ್ಟೆಲ್ ಕಟ್ಟಿಕೊಂಡವು. ಕಾಸೂ ಇಲ್ಲದ, ಮಠವೂ ಇಲ್ಲದ ಸಮುದಾಯಗಳಿಗೆ ಸರ್ಕಾರವೇ ಗತಿ. ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಶುರುವಾದದ್ದು 1944ರಲ್ಲಿ. 1972ರಲ್ಲಿ ದೇವರಾಜ ಅರಸರು ಹಾವನೂರು ಆಯೋಗ ನೇಮಿಸಿದರು, 1975ರಲ್ಲಿ ವರದಿ ಬಂತು. ಅವರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕು ಊರುಗಳಿಗೂ ಹರಡಿದವು. ಮನೆಯಲ್ಲಿ ಮೊದಲ ಡಿಗ್ರಿ ಪಡೆದವರು ಎಷ್ಟೋ ಜನ ಆ ಹಾಸ್ಟೆಲಿನ ಮುದ್ದೆ, ನೀರು ಸಾರಿನ ಮೇಲೇ ಓದಿದವರು.

ಆಮೇಲೆ ಚರ್ಚೆ ಪೂರ್ತಿ ಫೀಸಿನ ಕಡೆ ತಿರುಗಿತು. 1984ರಲ್ಲಿ ಕ್ಯಾಪಿಟೇಷನ್ ನಿಷೇಧ ಕಾಯ್ದೆ. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದ ಮೆಡಿಕಲ್ ಫೀಸು, ಖಾಸಗಿ ಕಾಲೇಜಲ್ಲಿ ಹೊರರಾಜ್ಯದವರಿಗೆ 60,000 ತನಕ ಹೋಗಬಹುದಿತ್ತು. 1992ರಲ್ಲಿ ಸುಪ್ರೀಂ ಕೋರ್ಟ್ ಮೋಹಿನಿ ಜೈನ್ ಪ್ರಕರಣದಲ್ಲಿ ಇದನ್ನು ಕ್ಯಾಪಿಟೇಷನ್ ಎಂದೇ ಕರೆಯಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು, 1994ರಲ್ಲಿ ಸಿಇಟಿ. ಹಳ್ಳಿ ಶಾಲೆಯವರಿಗೆ, ಕನ್ನಡ ಮಾಧ್ಯಮದವರಿಗೆ ಪ್ರತ್ಯೇಕ ಕೋಟಾ. ರೈತರ ಮಕ್ಕಳು ಎಂಜಿನಿಯರ್‌ಗಳಾಗಿ ಐಟಿ ಕಂಪನಿಗಳಿಗೆ ನುಗ್ಗಿದ್ದರಲ್ಲಿ ಈ ವ್ಯವಸ್ಥೆಯ ಪಾಲು ದೊಡ್ಡದು. ಆದರೆ ಸಿಇಟಿ ಸೀಟು ಕೊಡುತ್ತೆ, ರೂಮು ಕೊಡಲ್ಲ.

ಅದಕ್ಕೇ ಕಳೆದ ದಶಕದಲ್ಲಿ ಸರ್ಕಾರ ವಿದ್ಯಾಸಿರಿ ತಂದದ್ದು. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗೆ ಶುರುವಿನಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುತ್ತಿದ್ದರು. ಅಂದರೆ ದಿನಕ್ಕೆ 50 ರೂಪಾಯಿ, ಊಟ ವಸತಿ ಎರಡೂ ಅದರಲ್ಲೇ ಆಗಬೇಕಿತ್ತು. ನೀವು ಪಿಜಿಯಲ್ಲಿ ಇದ್ದವರಾದರೆ ಆ ದುಡ್ಡು ಎಷ್ಟು ದಿನಕ್ಕೆ ಬರುತ್ತೆ ಅಂತ ನಾನು ಹೇಳಬೇಕಿಲ್ಲ. ಬಾಕಿ ದಿನಗಳಿಗೆ ಡೆಲಿವರಿ ಕೆಲಸ, ಕೇಟರಿಂಗ್ ಕೆಲಸ, ಸಾಲ. ಇಲ್ಲವೇ ಕಾಲೇಜು ಬಿಡೋದು. ಹಾಗೆ ಬಿಟ್ಟವನನ್ನು ನಾವು ಓದಲಿಲ್ಲ ಅಂತೀವಿ, ಉಣ್ಣಲಿಲ್ಲ ಅನ್ನಲ್ಲ.

ಪಂಕ್ತಿಯಲ್ಲಿ ಕೂರಿಸಲ್ಲ ಅಂತ ಈಗ ಯಾರೂ ಬಾಯಿಬಿಟ್ಟು ಹೇಳಲ್ಲ. ಆದರೆ ಒಳ್ಳೆಯ ಕಾಲೇಜುಗಳಿರೋ ಊರಲ್ಲೇ ಬಾಡಿಗೆ ಜಾಸ್ತಿ, ಸರ್ಕಾರಿ ಹಾಸ್ಟೆಲಿನ ಜಾಗ ಕಮ್ಮಿ. ಬಡ ಹುಡುಗಿಯೊಬ್ಬಳಿಗೆ ಬೆಂಗಳೂರಲ್ಲಿ ಸೀಟು ಸಿಕ್ಕರೆ ಅವಳಪ್ಪ ಮೊದಲು ಕೇಳೋ ಪ್ರಶ್ನೆ ಇವತ್ತಿಗೂ ಅದೇ: ಎಲ್ಲಿ ಇರ್ತೀಯಮ್ಮ? ಅದಕ್ಕೆ ಉತ್ತರ ಕೊಡದ ಯಾವ ಸೀಟೂ ಅವಳ ಪಾಲಿಗೆ ಸೀಟಲ್ಲ.